ಎಂ.ಟೆಕ್ ಓದಿದ ಮಗಳು ರಾಜೀನಾಮೆಗೆ ಸಿದ್ಧಳಾಗಿದ್ದಾಳೆ: ಇಷ್ಟು ಓದಿದ ತಾಯಂದಿರು ಕೆಲಸ ಬಿಡುವುದೇಕೆ?

ಪ್ರಶ್ನೆ: ನಿವೃತ್ತ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನು. ನನ್ನ ತರಗತಿಯಲ್ಲಿ ಕುಳಿತು ಓದಿ, ಇಲ್ಲಿನ ಬಿಐಇಟಿ, ಯುಬಿಡಿಟಿ, ಜೆಜೆಎಂ ಕಾಲೇಜುಗಳಿಗೆ ಸೇರಿ, ಒಳ್ಳೆಯ ಅಂಕ ಪಡೆದು ಹೊರಬಂದ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಈಗ ಮೂವತ್ತು ದಾಟಿದೆ. ಮದುವೆ, ಗೃಹಪ್ರವೇಶಗಳಲ್ಲಿ ಅವರು ಎದುರಾದಾಗ ಎಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದರೆ, ಮಗು ಚಿಕ್ಕದು, ಬಿಟ್ಟುಬಿಟ್ಟೆ ಎನ್ನುವವರೇ ಹೆಚ್ಚು. ಅದೇ ತರಗತಿಯ ಹುಡುಗರು ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಅದು ನನ್ನ ಮನೆಯ ಬಾಗಿಲಿಗೇ ಬಂದಿದೆ. ಮಗಳು ಎಂ.ಟೆಕ್ ಮಾಡಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅಳಿಯ ಸರ್ಕಾರಿ ಬ್ಯಾಂಕಿನ ಅಧಿಕಾರಿ. ಅವರಿಗೆ ದಾವಣಗೆರೆಗೆ ವರ್ಗವಾದಾಗ ಮಗಳು ಹೆರಿಗೆ ರಜೆಯಲ್ಲಿದ್ದಳು. ಆಮೇಲೆ ಕಂಪನಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿತು, ಸಂಸಾರ ಇಲ್ಲಿ ನೆಲೆಗೊಂಡಿತು. ಮಗುವಿಗೆ ಈಗ ಒಂದೂವರೆ ವರ್ಷವಾಗುತ್ತಿದೆ. ವಾರಕ್ಕೆ 3 ದಿನ ಕಚೇರಿಗೆ ಬರಲೇಬೇಕು ಎಂದು ಕಂಪನಿಯಿಂದ ಸೂಚನೆ ಬಂದಿದೆ. ದಾವಣಗೆರೆಯಿಂದ ಬೆಂಗಳೂರಿಗೆ ವಂದೇ ಭಾರತ್, ಜನಶತಾಬ್ದಿ ಎಲ್ಲವೂ ಇವೆಯಾದರೂ 260 ಕಿಲೋಮೀಟರ್ ದೂರವನ್ನು ಹಾಲು ಕುಡಿಯುವ ಮಗುವಿನ ತಾಯಿ ವಾರಕ್ಕೆ ಮೂರು ಬಾರಿ ಓಡಾಡಲು ಆಗುವುದಿಲ್ಲ. ಮಗಳು ರಾಜೀನಾಮೆ ಪತ್ರ ಬರೆದಿಟ್ಟಿದ್ದಾಳೆ, ಇನ್ನೂ ಕಳುಹಿಸಿಲ್ಲ.

ಕೆಲಸ ಬಿಡು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಬೀಗರು ಸಜ್ಜನರು. ಅಳಿಯನೂ ಮಗುವನ್ನು ಎತ್ತಿ ಆಡಿಸುವವರೇ. ಆದರೂ ಎಲ್ಲರೂ ಕುಳಿತು ಲೆಕ್ಕ ಹಾಕಿದರು: ಅವಳ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ, ಮಗು ನೋಡಿಕೊಳ್ಳುವವರ ಸಂಬಳ, ಓಡಾಟದ ಖರ್ಚು ಕಳೆದರೆ ಉಳಿಯುವುದೇನು? ಹೆಚ್ಚೇನೂ ಉಳಿಯುವುದಿಲ್ಲ ಎಂದಾಯಿತು. ಅಳಿಯನ ವರ್ಗಾವಣೆ ಆದೇಶ ಬಂದ ದಿನ ಹೀಗೆ ಯಾರೂ ಲೆಕ್ಕದ ಕಾಗದ ಹಿಡಿದು ಕೂರಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತಿದೆ. ಅದನ್ನು ಮನೆಯಲ್ಲಿ ಹೇಳಿದರೆ ಬೀಗರ ನಡುವೆ ಮನಸ್ತಾಪವಾದೀತು ಎಂಬ ಅಳುಕೂ ಇದೆ.

ಕೆಲಸ ಬಿಟ್ಟವರು, ಬಿಡದೆ ಉಳಿದವರು, ಬಿಟ್ಟು ಮರಳಿದವರು ದಯವಿಟ್ಟು ಹೇಳಿ. ಕೊನೆಯ ತೀರ್ಮಾನಕ್ಕೆ ನಿಜವಾಗಿ ದೂಡಿದ್ದು ಯಾವುದು? ಅದು ಅವರವರ ಇಷ್ಟ ಎಂಬಷ್ಟಕ್ಕೇ ನಿಲ್ಲಿಸಬೇಡಿ ಎಂದು ಕೋರುತ್ತೇನೆ.

ಉತ್ತರ 1: ಹಿಂದೆ ಸಾಫ್ಟ್‌ವೇರ್ ಉದ್ಯೋಗಿ, ಈಗ ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಸರ್, ಹೆಣ್ಣುಮಕ್ಕಳು ಕೆಲಸ ಬಿಡುವ ತೀರ್ಮಾನ ಹೆರಿಗೆಯ ಹೊತ್ತಿಗೆ ಆಗುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ವಿಷಯದಲ್ಲಿಯೂ ನನ್ನ ಗೆಳತಿಯರ ವಿಷಯದಲ್ಲಿಯೂ ಅದು ಆದದ್ದು ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ವರ್ಷದಲ್ಲಿ.

ನಾನು ರಜೆಗೆ ಹೋದಾಗ ನನ್ನ ಕೈಯಲ್ಲಿದ್ದ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದರು. ಅದರಲ್ಲಿ ತಪ್ಪೇನಿಲ್ಲ, ಕೆಲಸ ನಿಲ್ಲಬಾರದು. ಆದರೆ ಮರಳಿ ಬಂದ ಮೇಲೆ ಅದು ನನಗೆ ಸಿಗಲಿಲ್ಲ. ಯಾರೂ ಓದದ ದಾಖಲೆಗಳನ್ನು ಸಿದ್ಧಪಡಿಸುವ ಕೆಲಸ ಕೊಟ್ಟರು. ನಿಮಗೆ ಚಿಕ್ಕ ಮಗುವಿದೆ, ಅದಕ್ಕಾಗಿಯೇ ಹಗುರವಾದ ಕೆಲಸ ಕೊಟ್ಟಿದ್ದೇವೆ ಎಂದು ಮ್ಯಾನೇಜರ್ ಮನಃಪೂರ್ವಕವಾಗಿಯೇ ಹೇಳಿದರು. ಆ ವರ್ಷ ಆರು ತಿಂಗಳು ಮಾತ್ರ ಕಚೇರಿಯಲ್ಲಿದ್ದ ನನ್ನನ್ನು ಹನ್ನೆರಡು ತಿಂಗಳು ದುಡಿದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆದಾಗ ಸಹಜವಾಗಿಯೇ ಕೆಳಗಿನ ದರ್ಜೆ ಬಂದಿತು, ಇನ್‌ಕ್ರಿಮೆಂಟ್ ನಿಂತಿತು. ಅಮೆರಿಕದ ಗ್ರಾಹಕರೊಂದಿಗಿನ ಮಾತುಕತೆ ರಾತ್ರಿ ಎಂಟೂವರೆಗೆ, ಅಂದರೆ ಮಗು ನಿದ್ದೆಗೆ ಹಟ ಮಾಡುವ ಹೊತ್ತಿಗೆ ಸರಿಯಾಗಿ. ಅದಕ್ಕೆ ಕೂರದಿದ್ದವರಿಗೆ ಮುಂದಿನ ದೊಡ್ಡ ಕೆಲಸ ಇಲ್ಲ.

ಮಗುವಿಗೆ ಹಾಲು ತೆಗೆದಿಡಲು ನನಗೆ ತೋರಿಸಿದ್ದು ಹಳೆಯ ಕಂಪ್ಯೂಟರ್‌ಗಳನ್ನು ಜೋಡಿಸಿಟ್ಟಿದ್ದ ಒಂದು ಸಣ್ಣ ಕೋಣೆ. ಅದಕ್ಕೆ ಒಳಗಿನಿಂದ ಚಿಲಕವಿರಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು, ಕಾಲಿನಿಂದ ಅದನ್ನು ತಡೆಹಿಡಿದು, ಹೊರಗೆ ಯಾರಾದರೂ ಓಡಾಡಿದರೆ ಕೈ ನಿಲ್ಲಿಸಿ ಕೂರುತ್ತಿದ್ದೆ. ಹಾಲು ಬರಬೇಕಾದರೆ ಮನಸ್ಸು ನಿರಾಳವಾಗಿರಬೇಕು ಎಂಬುದು ತಾಯಂದಿರಿಗೆಲ್ಲ ಗೊತ್ತು. ಮೂರನೆಯ ವಾರಕ್ಕೆ ಅದನ್ನು ಕೈಬಿಟ್ಟೆ. ಕೆಲಸ ಬಿಟ್ಟದ್ದು ಅದಾಗಿ ಬಹಳ ತಿಂಗಳ ಮೇಲೆ. ಆ ಹೊತ್ತಿಗೆ ಕೆಲಸದಲ್ಲಿ ಹಿಡಿದು ನಿಲ್ಲಿಸುವಂಥದ್ದೇನೂ ಉಳಿದಿರಲಿಲ್ಲ. ಮಗುವಿಗಾಗಿ ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ. ಆ ಉತ್ತರ ಕೊಟ್ಟರೆ ಮರುಪ್ರಶ್ನೆ ಬರುವುದಿಲ್ಲ.

ಆದ್ದರಿಂದ ನಿಮ್ಮ ಮಗಳನ್ನು ಸಂಬಳದ ಬಗ್ಗೆ ಕೇಳುವ ಮೊದಲು, ಈಗ ಅಲ್ಲಿ ಅವರಿಗೆ ಎಂಥ ಕೆಲಸ ಕೊಟ್ಟಿದ್ದಾರೆ ಎಂದು ಕೇಳಿ. ಒಳ್ಳೆಯ ಕೆಲಸವಾಗಿದ್ದರೆ ಅದನ್ನು ಉಳಿಸಿಕೊಳ್ಳಲು ಹೋರಾಡಬೇಕು. ಅದು ಬರಿದಾಗಿದ್ದರೆ ಬೇರೆ ಕಡೆ ಹುಡುಕಲಿ, ಆದರೆ ಈ ಕೆಲಸದಲ್ಲಿದ್ದುಕೊಂಡೇ ಹುಡುಕಲಿ. ನಡುವೆ ಖಾಲಿ ಬಿದ್ದ ವರ್ಷಗಳಿಗೆ ಸಂದರ್ಶನದಲ್ಲಿ ಎಷ್ಟು ಸಮಜಾಯಿಷಿ ಕೊಟ್ಟರೂ ಸಾಲುವುದಿಲ್ಲ. ನಾನು ಪಿಎಚ್.ಡಿ.ಯ ದಾರಿ ಹಿಡಿದೆ. ಯುಜಿಸಿಯ 2022ರ ನಿಯಮದಂತೆ ಸಂಶೋಧನೆ ಮುಗಿಸಲು ಮಹಿಳೆಯರಿಗೆ 2 ವರ್ಷ ಹೆಚ್ಚುವರಿ ಕಾಲಾವಕಾಶವಿದೆ, ಅವಧಿಯ ನಡುವೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಇದೆ. ವಿಜ್ಞಾನ, ತಂತ್ರಜ್ಞಾನ ಓದಿ ನಡುವೆ ಬಿಟ್ಟವರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ. ಎಲ್ಲರಿಗೂ ಒಗ್ಗುವ ದಾರಿ ಇದಲ್ಲ. ಸಂಬಳದ ಮಟ್ಟ ಬಹಳ ಕೆಳಗಿಳಿಯುತ್ತದೆ.

ಉತ್ತರ 2: ಕಾರ್ಮಿಕ ಪ್ರಕರಣಗಳ ವಕೀಲ, ಚಿತ್ರದುರ್ಗ

ಕಾನೂನಿನ ಮಟ್ಟಿಗೆ ಕೆಲವು ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರವಿದ್ದ ರಜೆಯನ್ನು 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು ಮತ್ತು ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದಿತು. ಕೆಲಸದ ಸ್ವರೂಪ ಅವಕಾಶ ಕೊಟ್ಟರೆ, ರಜೆಯ ನಂತರ ಮನೆಯಿಂದ ಕೆಲಸ ಮಾಡುವ ಬಗ್ಗೆ ಇಬ್ಬರೂ ಒಪ್ಪಂದ ಮಾಡಿಕೊಳ್ಳಬಹುದು ಎಂದೂ ಹೇಳಿತು. ಇದು ಒಪ್ಪಂದದ ಮಾತು, ಹಕ್ಕಲ್ಲ. ಮೇಷ್ಟ್ರ ಮಗಳ ಕಂಪನಿ ಈಗ ಹಿಂದಕ್ಕೆ ಕರೆಯಲು ಸಾಧ್ಯವಾಗಿರುವುದು ಅದಕ್ಕೇ.

2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಈ ನಿಯಮಗಳು ಅದರಲ್ಲೂ ಮುಂದುವರಿದಿವೆ. ಕಾನೂನು ಒಳ್ಳೆಯದೇ, ಆದರೆ ಅದರೊಳಗೆ ಎರಡು ದೊಡ್ಡ ಬಿರುಕುಗಳಿವೆ. ಮೊದಲನೆಯದು, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯ ಹೊರಗಿರುವವರ ರಜೆಯ ಪೂರ್ತಿ ಸಂಬಳವನ್ನು ಮಾಲೀಕರೇ ಹೊರಬೇಕು, ಸರ್ಕಾರದ ಪಾಲು ಇಲ್ಲ. ಹೀಗಾಗಿ ಸಣ್ಣ ಸಂಸ್ಥೆಗಳು ಹೊಸದಾಗಿ ಮದುವೆಯಾದ ಹೆಣ್ಣುಮಗಳು ಸಂದರ್ಶನಕ್ಕೆ ಬಂದರೆ ಈ ಕಾನೂನನ್ನೇ ನೆನೆದು ಹಿಂಜರಿಯುತ್ತವೆ. ಎರಡನೆಯದು, ರಜೆ ಮುಗಿಯುವಾಗ ಮಗುವಿಗೆ ಆರು ತಿಂಗಳು ಕೂಡ ಆಗಿರುವುದಿಲ್ಲ, ನರ್ಸರಿಗೆ ಸೇರುವುದು ಮೂರರ ಹೊತ್ತಿಗೆ. ನಡುವಿನ ಎರಡೂವರೆ ವರ್ಷ ಮಗುವನ್ನು ಯಾರು ನೋಡಿಕೊಳ್ಳಬೇಕು? ನಮ್ಮ ಊರುಗಳ ಹೆಚ್ಚಿನ ಖಾಸಗಿ ಕಚೇರಿ, ಕ್ಲಿನಿಕ್, ಶಾಲೆಗಳಲ್ಲಿ 50 ಜನ ಸಿಬ್ಬಂದಿಯೇ ಇರುವುದಿಲ್ಲ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದದ್ದು ನಿಜಕ್ಕೂ ದೊಡ್ಡ ಕೆಲಸ. ಪಟ್ಟಣದ ಬಡಾವಣೆಗಳಿಗೂ ಅಂಥದ್ದೊಂದು ಬೇಕೆಂದು ಕೇಳುವವರು ಇಲ್ಲವಾಗಿದ್ದಾರೆ.

ತಂದೆಯ ವಿಷಯಕ್ಕೆ ಬಂದರೆ, ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆಯಿದೆ. ಖಾಸಗಿ ವಲಯದ ತಂದೆಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ.

ಇನ್ನೊಂದು ವಿಚಾರವನ್ನು ಮೇಷ್ಟ್ರು ಗಮನಿಸಬೇಕು. ವಿವಾಹಿತ ಮಹಿಳಾ ಸಿಬ್ಬಂದಿ ಕೋರಿದರೆ ಅವರನ್ನು ಆದಷ್ಟೂ ಪತಿ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ ವರ್ಗಾಯಿಸಿ ಎಂದು ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿತ್ತು. ಸದುದ್ದೇಶದ ಸೂಚನೆಯೇ. ಆದರೂ ಗಂಡನಿರುವ ಊರಿಗೆ ಹೆಂಡತಿ ಬರಬೇಕು ಎಂಬ ಊಹೆ ಅದರ ಬೆನ್ನಲ್ಲೇ ಇದೆ. ನಿಮ್ಮ ಅಳಿಯ ಪುರುಷರಾದ ಮಾತ್ರಕ್ಕೆ ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಬಾರದು ಎಂದೇನೂ ಇಲ್ಲ. ಪತ್ನಿಯ ಉದ್ಯೋಗ ಮತ್ತು ಮಗುವಿನ ವಯಸ್ಸನ್ನು ಕಾರಣವಾಗಿ ಬರೆದು ಕೊಡಬಹುದು. ಸಿಗುತ್ತದೆಂಬ ಖಾತರಿಯಿಲ್ಲ. ಆದರೆ ಅರ್ಜಿ ಹಾಕಿದ್ದಾರೆಯೇ?

ಉತ್ತರ 3: ಒಬ್ಬ ಅಜ್ಜಿ, ಹೊಳಲ್ಕೆರೆ ತಾಲ್ಲೂಕು

ಮೇಷ್ಟ್ರೇ, ಓದಿದ ಸೊಸೆ ಕೆಲಸ ಬಿಟ್ಟರೆ ಜನ ಮೊದಲು ಅತ್ತೆಯ ಕಡೆಗೆ ಬೆರಳು ತೋರಿಸುತ್ತಾರೆ. ನನ್ನ ಸೊಸೆ ಎಂ.ಎಸ್ಸಿ. ಮಾಡಿ ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅವಳು ಬಿಡಬಾರದೆಂದು ನಾನೇ ಊರು ಬಿಟ್ಟು ಬಂದು ಮೊಮ್ಮಗನನ್ನು ನೋಡಿಕೊಂಡೆ. ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಹೊರಟರೆ ಸಂಜೆ ಆರರವರೆಗೆ ಕೂಸು ನನ್ನ ಕಂಕುಳಲ್ಲಿ. ಮೂರನೆಯ ಮಹಡಿಯ ಮನೆ. ನನಗೆ ಮಂಡಿನೋವು. ಅವನು ನಡೆಯಲು ಕಲಿತ ಮೇಲೆ ನನ್ನ ಕೈಲಿ ಅವನ ಹಿಂದೆ ಓಡಲು ಆಗಲಿಲ್ಲ. ಊರಿನಲ್ಲಿ ಅಡಿಕೆ ಕೊಯ್ಲು ಶುರುವಾದಾಗ ಯಜಮಾನರೊಬ್ಬರೇ ಆಳುಗಳ ಊಟ, ಸುಲಿಯುವುದು, ಬೇಯಿಸುವುದು ಎಲ್ಲವನ್ನೂ ನೋಡಿಕೊಳ್ಳಬೇಕಾಗಿ ಬಂದು, ಒಂದು ವರ್ಷ ತೋಟವನ್ನೇ ಖೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟೆವು. ಅದರಲ್ಲಾದ ನಷ್ಟವನ್ನು ಸೊಸೆಯ ಸಂಬಳದ ಲೆಕ್ಕದಲ್ಲಿ ಯಾರೂ ಬರೆಯಲಿಲ್ಲ, ಬರೆಯಿರಿ ಎಂದು ನಾನೂ ಹೇಳಲಿಲ್ಲ.

ಕೊನೆಗೆ ನಾನು ಊರಿಗೆ ಮರಳಿದೆ, ಅವಳು ಕೆಲಸ ಬಿಟ್ಟಳು. ನಾನು ಹೇಳುವುದು ಇಷ್ಟೇ. ಅಜ್ಜಿ ಇದ್ದಾಳೆ ಎಂಬ ಭರವಸೆಯ ಮೇಲೆ ಇಷ್ಟೊಂದು ಹೆಣ್ಣುಮಕ್ಕಳ ಉದ್ಯೋಗ ನಿಂತಿದೆಯಲ್ಲ, ಅಜ್ಜಿಯ ಬೆನ್ನು, ಮಂಡಿ, ಅವಳದೇ ಆದ ಮನೆ, ಇವುಗಳನ್ನು ವಿಚಾರಿಸುವವರು ಯಾರು? ನನ್ನ ಮಗ ಒಳ್ಳೆಯವನು. ಆದರೆ ಕೂಸಿಗೆ ಜ್ವರ ಬಂದರೆ ಔಷಧಿಯ ಬಾಟಲಿ ಯಾವ ಗೂಡಿನಲ್ಲಿದೆ, ಎಷ್ಟು ಹನಿ ಕೊಡಬೇಕು ಎಂದು ಫೋನು ಮಾಡಿ ಸೊಸೆಯನ್ನೇ ಕೇಳುತ್ತಿದ್ದ. ಅವಳು ಆಗ ತರಗತಿಯಲ್ಲಿರುತ್ತಿದ್ದಳು.

ಉತ್ತರ 4: ಗೃಹಿಣಿ, ಎಂ.ಎ., ಬಿ.ಇಡಿ., ಹರಿಹರ

ಎಲ್ಲರನ್ನೂ ದೂಡಿಯೇ ಹೊರಹಾಕಿದ್ದಾರೆ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಗಳ ಮೊದಲ ಮೂರು ವರ್ಷ ಅವಳ ಜೊತೆಗಿರಬೇಕೆಂದು ನಾನು ಬಯಸಿದೆ, ಇದ್ದೆ, ಅದಕ್ಕಾಗಿ ವ್ಯಥೆಯಿಲ್ಲ. ಓದಿದ್ದು ವ್ಯರ್ಥವಾಯಿತು ಎಂದು ಯಾರಾದರೂ ಅಂದರೆ ನೋವಾಗುತ್ತದೆ. ಆದರೆ ಒಂದನ್ನು ಒಪ್ಪುತ್ತೇನೆ: ಮೂರು ವರ್ಷಕ್ಕೆಂದು ಬಿಟ್ಟವಳಿಗೆ ನಾಲ್ಕನೆಯ ವರ್ಷ ಮರಳಿ ಹೋಗಲು ಬಾಗಿಲು ಇರಲಿಲ್ಲ. ಬಿಡುವ ಇಷ್ಟ ನನ್ನದಾಗಿತ್ತು, ಮರಳದಿರುವ ಇಷ್ಟ ನನ್ನದಾಗಿರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ವಕೀಲರು ಕೇಳಿದ ಪ್ರಶ್ನೆಯನ್ನು ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಅಳಿಯನ ಮುಂದೆ ಇಟ್ಟೆ. ಅರ್ಜಿ ಹಾಕಿಲ್ಲ, ಹಾಕಬಹುದೆಂದು ಯೋಚಿಸಿಯೂ ಇರಲಿಲ್ಲ ಎಂದರು, ಬೇಸರ ಪಟ್ಟುಕೊಳ್ಳಲಿಲ್ಲ. ಮಗಳಿಗೆ ಕೊಟ್ಟಿರುವ ಕೆಲಸ ಒಳ್ಳೆಯದೇ ಅಂತೆ, ಕಚೇರಿಗೆ ಬಾರದವರ ಕೈಯಿಂದ ಅದು ಜಾರಿಹೋಗುತ್ತದೆ ಎಂಬುದೇ ಅವಳ ಅಂಜಿಕೆ. ಹೊತ್ತುಗೊತ್ತಿಲ್ಲದ ವೃತ್ತಿಗಳಲ್ಲಿ ಇರುವ ತಾಯಂದಿರು ಹೇಗೆ ಉಳಿದುಕೊಂಡಿದ್ದಾರೆ ಎಂಬುದನ್ನೂ ತಿಳಿಯಬೇಕೆಂದಿದ್ದೇನೆ. ವೈದ್ಯರು ಯಾರಾದರೂ ಇದ್ದರೆ ಬರೆಯಿರಿ.

ಉತ್ತರ 5: ಅರಿವಳಿಕೆ ತಜ್ಞೆ, ದಾವಣಗೆರೆ

ಸರ್, ನಾನು ಎರಡು ವರ್ಷ ಬಿಟ್ಟು ಮರಳಿದವಳು. ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬಹುದು.

ಈ ಊರಿನಲ್ಲಿ ಸಣ್ಣ ನರ್ಸಿಂಗ್ ಹೋಮ್‌ಗಳು ಬಹಳ. ಅವುಗಳಲ್ಲಿ ಹೆಚ್ಚಿನವು ಅರಿವಳಿಕೆ ತಜ್ಞರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆ ಇದ್ದಾಗ ಫೋನ್ ಮಾಡುತ್ತಾರೆ, ನಾವು ಹೋಗುತ್ತೇವೆ. ರಾತ್ರಿ ಎರಡು ಗಂಟೆಗೆ ತುರ್ತು ಸಿಸೇರಿಯನ್‌ಗೆ ಕರೆ ಬಂದರೆ ಹತ್ತು ಹದಿನೈದು ನಿಮಿಷದಲ್ಲಿ ಅಲ್ಲಿರಬೇಕು, ತಡವಾದರೆ ತಾಯಿಯ ಅಥವಾ ಕೂಸಿನ ಪ್ರಾಣಕ್ಕೆ ಅಪಾಯ. ಎರಡು ಸಲ ಬರಲಾಗದು ಎಂದರೆ ಮೂರನೆಯ ಸಲ ಆ ಶಸ್ತ್ರವೈದ್ಯರು ಬೇರೆಯವರಿಗೆ ಫೋನ್ ಮಾಡುತ್ತಾರೆ. ಹಗಲಿನ ಸುಲಭದ ಕೇಸುಗಳೂ ಆಮೇಲೆ ಆ ಬೇರೆಯವರಿಗೇ ಹೋಗುತ್ತವೆ. ನನ್ನ ಯಜಮಾನರೂ ವೈದ್ಯರು, ಮೂಳೆ ತಜ್ಞರು. ಇಬ್ಬರಿಗೂ ರಾತ್ರಿ ಒಟ್ಟಿಗೆ ಕರೆ ಬಂದರೆ ಮಗು ಯಾರ ಬಳಿ? ಒಬ್ಬರು ಎಲ್ಲ ಹೊತ್ತಿಗೂ ಸಿಗುವವರಾದರೆ ಇನ್ನೊಬ್ಬರು ಎಲ್ಲ ಹೊತ್ತಿಗೂ ಮನೆಯಲ್ಲಿರಬೇಕಾಗುತ್ತದೆ. ಯಾರು ಮನೆಯಲ್ಲಿರಬೇಕು ಎಂಬ ಮಾತು ನಮ್ಮಲ್ಲಿ ಚರ್ಚೆಗೂ ಬರಲಿಲ್ಲ, ಸುಮ್ಮನೆ ನಾನು ಉಳಿದೆ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹಾರ್ವರ್ಡ್‌ನ ಪ್ರಾಧ್ಯಾಪಕಿ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಉದ್ಯೋಗಗಳನ್ನು ಅಧ್ಯಯನ ಮಾಡಿ ಹೇಳಿದ್ದು ಇದನ್ನೇ. ಕರೆದಾಗಲೆಲ್ಲ ಬರುವವರಿಗೆ ಕೆಲವು ವೃತ್ತಿಗಳು ಗಂಟೆಯ ಲೆಕ್ಕಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಅಂಥ ಕಡೆ ಗಂಡಹೆಂಡಿರಲ್ಲಿ ಒಬ್ಬರು ಆ ದುಬಾರಿ ಹೊತ್ತನ್ನು ಹಿಡಿದು ಇನ್ನೊಬ್ಬರು ಬಿಡುತ್ತಾರೆ. ಇದಕ್ಕೆ ಎದುರಾಗಿ ಅವರು ತೋರಿಸುವುದು ಅಲ್ಲಿನ ಔಷಧಾಲಯಗಳ ಫಾರ್ಮಸಿಸ್ಟರನ್ನು. ಹಿಂದೆ ಒಬ್ಬ ಮಾಲೀಕ ಬೆಳಗಿನಿಂದ ರಾತ್ರಿಯವರೆಗೆ ಕೂರಬೇಕಿದ್ದ ಅಂಗಡಿಗಳು ಹೋಗಿ ದೊಡ್ಡ ಮಳಿಗೆಗಳು ಬಂದವು, ರೋಗಿಯ ವಿವರವೆಲ್ಲ ಕಂಪ್ಯೂಟರಿನಲ್ಲಿ ಸಿಗುವಂತಾಯಿತು, ಒಬ್ಬ ಫಾರ್ಮಸಿಸ್ಟ್ ಎದ್ದು ಹೋದರೆ ಇನ್ನೊಬ್ಬರು ಅದೇ ಕೆಲಸವನ್ನು ಮುಂದುವರಿಸಬಹುದಾಯಿತು. ಕಡಿಮೆ ಹೊತ್ತು ದುಡಿದರೆ ಅಷ್ಟು ಹೊತ್ತಿನ ಹಣ ಮಾತ್ರ ಕಡಿಮೆ, ಬೇರೆ ದಂಡವಿಲ್ಲ. ಆ ವೃತ್ತಿಯಲ್ಲಿ ಹೆಣ್ಣು ಗಂಡಿನ ಸಂಪಾದನೆಯ ಅಂತರ ಬಹಳ ಕಡಿಮೆಯಾಗಿದೆ.

ಇದನ್ನು ಓದಿದ ಮೇಲೆ ನನಗೆ ಹೊಳೆದದ್ದು, ನಾನು ಮನೆಯಲ್ಲಿ ಕೂರಲು ಕಾರಣ ಮಗುವಲ್ಲ, ನನ್ನ ಜಾಗದಲ್ಲಿ ಇನ್ನೊಬ್ಬರು ನಿಲ್ಲುವ ಏರ್ಪಾಡು ಇಲ್ಲದ್ದು ಎಂಬುದು. ನನ್ನಂತೆಯೇ ಬಿಟ್ಟಿದ್ದ ಒಬ್ಬರು, ಬಿಡಲು ಯೋಚಿಸುತ್ತಿದ್ದ ಒಬ್ಬರು, ನಾನು, ಹೀಗೆ ಮೂವರು ಸೇರಿ ನರ್ಸಿಂಗ್ ಹೋಮ್‌ಗಳಿಗೆ ಒಂದೇ ಫೋನ್ ನಂಬರ್ ಕೊಟ್ಟೆವು. ಆ ಫೋನ್ ಸರದಿಯಂತೆ ಒಬ್ಬೊಬ್ಬರ ಬಳಿ ಇರುತ್ತದೆ. ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ಮಾತ್ರ ನನ್ನದು, ಆ ರಾತ್ರಿ ನನ್ನ ಯಜಮಾನರು ಕರೆ ತೆಗೆದುಕೊಳ್ಳುವುದಿಲ್ಲ. ಆರಂಭದಲ್ಲಿ ಕೆಲವು ಶಸ್ತ್ರವೈದ್ಯರು ಒಪ್ಪಲಿಲ್ಲ, ಪರಿಚಯದ ಕೈಯೇ ಬೇಕೆಂದರು. ಪ್ರತಿ ರೋಗಿಯ ವಿವರವನ್ನು ಒಂದೇ ಬಗೆಯ ಹಾಳೆಯಲ್ಲಿ ಬರೆದು ಮೂವರೂ ನೋಡುವಂತೆ ಮಾಡಿದ ಮೇಲೆ, ಮತ್ತು ಫೋನ್ ಒಮ್ಮೆಯೂ ಉತ್ತರವಿಲ್ಲದೆ ನಿಲ್ಲದಿದ್ದುದನ್ನು ಕಂಡ ಮೇಲೆ, ಆ ತಕರಾರು ಕಡಿಮೆಯಾಯಿತು. ಕಳೆದ ವರ್ಷ ಇಬ್ಬರು ಗಂಡಸರೂ ಸೇರಿಕೊಂಡರು. ಅವರಿಗೂ ರಾತ್ರಿ ನಿದ್ದೆ ಬೇಕಾಗಿತ್ತು.

ಮನೆಯೊಳಗಿನ ಭಾಗ ಇದಕ್ಕಿಂತ ಕಷ್ಟ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕುಟುಂಬಕ್ಕಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಆದರೆ ನಿಮಿಷಗಳಿಗಿಂತಲೂ ಹೆಚ್ಚಾಗಿ, ಲಸಿಕೆಯ ದಿನ, ಮುಗಿಯುತ್ತಿರುವ ಹಾಲಿನ ಪುಡಿ, ನಾಳೆ ಬರದಿರುವ ಕೆಲಸದವಳು, ಇದೆಲ್ಲ ಯಾರ ತಲೆಯಲ್ಲಿ ಇರುತ್ತದೆ ಎಂಬುದು ಮುಖ್ಯ. ಹೊಳಲ್ಕೆರೆಯ ಅಮ್ಮ ಹೇಳಿದ ಔಷಧಿ ಬಾಟಲಿಯ ಮಾತು ಅದೇ. ನಮ್ಮ ಮನೆಯಲ್ಲಿ ಮಗುವಿನ ಆರೋಗ್ಯ ಮತ್ತು ಡೇ ಕೇರ್ ಸಂಬಂಧದ ಕೆಲಸವನ್ನು ಯಜಮಾನರು ಪೂರ್ತಿಯಾಗಿ ವಹಿಸಿಕೊಂಡರು. ಡೇ ಕೇರ್‌ನ ಅರ್ಜಿಯಲ್ಲಿ ಮೊದಲ ಫೋನ್ ನಂಬರ್ ಅವರದು. ಅವರು ಆಪರೇಷನ್ ಥಿಯೇಟರಿನಲ್ಲಿದ್ದರೆ ನನಗೆ ಬರುತ್ತದೆ.

ನಿಮ್ಮ ಮಗಳ ವಿಷಯಕ್ಕೆ. ಲೆಕ್ಕ ಹಾಕುವುದಾದರೆ ಮಗುವಿನ ಖರ್ಚನ್ನು ಇಬ್ಬರ ಸಂಬಳದ ಮೊತ್ತದಿಂದ ಕಳೆಯಲಿ, ಮಗು ಇಬ್ಬರದು. ಈ ತಿಂಗಳ ಉಳಿತಾಯವನ್ನಷ್ಟೇ ನೋಡದೆ ಭವಿಷ್ಯ ನಿಧಿ, ಮುಂದಿನ ಬಡ್ತಿ, ಹತ್ತು ವರ್ಷದ ನಂತರದ ಸಂಬಳವನ್ನೂ ಅದೇ ಕಾಗದದಲ್ಲಿ ಬರೆಯಲಿ. ಡೇ ಕೇರ್ ಖರ್ಚು ಎರಡು ಮೂರು ವರ್ಷದ್ದು, ಕೆಲಸ ಇನ್ನೂ ಇಪ್ಪತ್ತೈದು ವರ್ಷದ್ದು. ಅಳಿಯ ಕೋರಿಕೆ ವರ್ಗಾವಣೆಗೆ ಅರ್ಜಿ ಕೊಡಲಿ. ಅದು ಇತ್ಯರ್ಥವಾಗುವವರೆಗೆ ಮಗಳು ಕಂಪನಿಗೆ ಬರವಣಿಗೆಯಲ್ಲಿ ಆರು ತಿಂಗಳ ಕಾಲಾವಕಾಶ ಕೇಳಲಿ. ವಾರಕ್ಕೆ ಮೂರು ದಿನದ ಬದಲು ತಿಂಗಳಲ್ಲಿ ಒಂದು ವಾರ ಒಟ್ಟಾಗಿ ಬರುತ್ತೇನೆ, ತನ್ನ ಕೆಲಸದ ವಿವರವನ್ನು ತಂಡದ ಇನ್ನೊಬ್ಬರು ಯಾವಾಗ ಬೇಕಾದರೂ ನೋಡಿ ಮುಂದುವರಿಸುವಂತೆ ಇಡುತ್ತೇನೆ ಎಂದು ಬರೆಯಲಿ. ಅದನ್ನೂ ಒಪ್ಪದಿದ್ದರೆ ವೇತನರಹಿತ ರಜೆ ಕೇಳಲಿ. ರಾಜೀನಾಮೆಗೆ ಮೂರು ತಿಂಗಳ ನೋಟಿಸ್ ಇರುತ್ತದೆ, ಅದನ್ನು ಕೊಡುವ ಅಧಿಕಾರ ಯಾವಾಗಲೂ ಅವರ ಕೈಯಲ್ಲೇ ಇದೆ. ಕಂಪನಿಯೇ ಇಲ್ಲ ಎನ್ನುವವರೆಗೆ ಅವರಾಗಿಯೇ ಇಲ್ಲ ಎನ್ನುವುದು ಬೇಡ.

ಆ ಒಂದು ವಾರ ಮಗು ದಾವಣಗೆರೆಯಲ್ಲಿ ಅಪ್ಪನ ಬಳಿ ಇರಬಹುದು. ಮೊದಲ ಎರಡು ರಾತ್ರಿ ಅಳುತ್ತದೆ, ನಮ್ಮದೂ ಅತ್ತಿತ್ತು. ನೀವು ಹಗಲಿನಲ್ಲಿ ಹೋಗಿ ಜೊತೆಗಿರಿ ಸರ್, ಆದರೆ ರಾತ್ರಿಯದನ್ನು ಅಳಿಯನಿಗೇ ಬಿಡಿ.